ಬೆನ್ನ ನೀರು ಮತ್ತು ತವರಿನ ಚೀಲ

ನಾನು ಕೆಲಸ ಮಾಡುವುದು ವಿಜಯಪುರದ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ. ಓದಿದ್ದು ಡಾಕ್ಟರಿಕೆ, ಆದರೆ ರೋಗಿಗಳ ನಾಡಿ ಹಿಡಿಯುವ ಕೆಲಸ ನನ್ನದಲ್ಲ. ಅವರ ರಕ್ತ, ಕಫ, ಬೆನ್ನಿನಿಂದ ತೆಗೆದ ನೀರು ನನ್ನ ಟೇಬಲ್ಲಿಗೆ ಬರುತ್ತವೆ. ಅದರಲ್ಲಿ ಯಾವ ಕ್ರಿಮಿ ಇದೆ, ಯಾವ ಬೂಸರು ಇದೆ, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ನೋಡಿ ಹೇಳುತ್ತೇನೆ. ಹಳೇ ರೊಟ್ಟಿಗೆ, ಕೆಟ್ಟ ಉಪ್ಪಿನಕಾಯಿಗೆ ಹತ್ತುತ್ತದಲ್ಲ, ಆ ಬೂಸರಿನ ಕುಲದವೇ ಕೆಲವು ಮನುಷ್ಯನ ಮೈಯನ್ನೂ ಹೊಗುತ್ತವೆ. ಸಿಂದಗಿಯ ನಮ್ಮ ಅತ್ತೆ ಯಾರಿಗಾದರೂ ನನ್ನನ್ನು ಪರಿಚಯ ಮಾಡಿಕೊಡುವಾಗ, "ನಮ್ಮಣ್ಣನ ಮಗಳು. ಡಾಕ್ಟರಕಿ ಕಲ್ತಾಳ, ಬೂಸರ ಕಾಯ್ತಾಳ" ಅನ್ನುತ್ತಾಳೆ. ನಾನು ಜಗಳಕ್ಕೆ ಹೋಗುವುದಿಲ್ಲ. ಅವಳು ಹೇಳುವುದು ಹೆಚ್ಚು ಕಡಿಮೆ ನಿಜವೇ.

ನಮ್ಮಪ್ಪ ಮುದ್ದೇಬಿಹಾಳದಲ್ಲಿ ಹೈಸ್ಕೂಲು ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರಿಗೆ ಮೂವರು ತಂಗಿಯರು. ಹಿರಿಯಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದೆ, ನಡುವಿನವಳು ಸಿಂದಗಿಯವಳು, ಕಿರಿಯಳು ಇಂಡಿಯವಳು. ಹೀಗಾಗಿ ನಮ್ಮಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ನಾಲ್ಕು ತಾಲೂಕಿನಿಂದ ನಾಲ್ಕು ಬಸ್ಸು ಹಿಡಿದು ಜನ ಬಂದು ಆಸ್ಪತ್ರೆಯ ವರಾಂಡದಲ್ಲಿ ಚಾದರ ಹಾಸುತ್ತಾರೆ.

ಅಪ್ಪನಿಗೆ ಒಂದು ರೂಢಿ. ತಂಗಿಯರ ಮನೆಗೆ ಬರಿಗೈಲಿ ಹೋದವರಲ್ಲ. ಬಟ್ಟೆಯ ಒಂದು ಚೀಲ, ಅದರಲ್ಲಿ ಶೇಂಗಾ ಹೋಳಿಗೆ, ಚಟ್ನಿಪುಡಿ, ಒಮ್ಮೊಮ್ಮೆ ಒಂದು ಕುಪ್ಪಸದ ಖಣ. ಆ ಚೀಲವನ್ನು ಅವರು ತಂಗಿಯ ಕೈಗೇ ಕೊಡಬೇಕು, ಅವಳೇ ಬಿಚ್ಚಬೇಕು. ತವರಿನ ಚೀಲಕ್ಕೆ ಆ ಮನೆಯ ಸೊಸೆಯಾಗಲಿ ಮಗನಾಗಲಿ ಕೈ ಹಾಕುವಂತಿಲ್ಲ. ಒಳಗೆ ಏನಿದೆ ಎಂದು ಕೇಳುವಂತೆಯೂ ಇಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಆದರೆ ನಮ್ಮ ಕಡೆಯ ಸೊಸೆಯಂದಿರಿಗೆ ಇಂಥದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಗೇವಾಡಿಯ ಅತ್ತೆಗೆ ಮೊದಲ ಸಲ ತಲೆನೋವು ಶುರುವಾದಾಗ ಎಲ್ಲರೂ ಪಿತ್ತ ಅಂದರು. ಚಷ್ಮಾ ಬದಲಿಸಿದರು. ವಾರಗಟ್ಟಲೆ ಅದೇ ನೋವು. ಕಡೆಗೆ ಒಂದು ಮುಂಜಾನೆ ಅವಳು ಸ್ವಂತ ಮಗನನ್ನೇ "ಯಾರಪಾ ನೀ?" ಎಂದು ಕೇಳಿದ ಮೇಲೆ ನಮ್ಮ ಆಸ್ಪತ್ರೆಗೆ ಕರೆತಂದರು. ಬೆನ್ನಿನಿಂದ ನೀರು ತೆಗೆದರು. ಅದು ನನ್ನ ಟೇಬಲ್ಲಿಗೇ ಬಂತು. ಒಂದು ಹನಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕಪ್ಪಿನ ನಡುವೆ ದುಂಡನೆಯ ಕಣಗಳು, ಒಂದೊಂದರ ಸುತ್ತಲೂ ಬಿಳಿ ಬಳೆ. ಎಷ್ಟೋ ಜನರ ನೀರಿನಲ್ಲಿ ಅದನ್ನು ನೋಡಿದ್ದೇನೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳ ನೀರಿನಲ್ಲಿ ನೋಡಿದಾಗ ಮಾತ್ರ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಮಿದುಳಿನ ಪೊರೆಗೆ ಬೂಸರು ಹತ್ತಿತ್ತು.

ಈ ಬೂಸರು ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುತ್ತದೆ. ಎಲ್ಲರ ಮೂಗಿಗೂ ಹೋಗುತ್ತದೆ, ಬಹುತೇಕ ಎಲ್ಲರ ಮೈಯೂ ಅದನ್ನು ಸುಮ್ಮನಾಗಿಸುತ್ತದೆ. ಮೈಯ ಕಾವಲು ಸೋತವರಲ್ಲಿ ಮಾತ್ರ ತಲೆಗೆ ಏರುತ್ತದೆ. ಅತ್ತೆಯ ಕಾವಲು ಯಾಕೆ ಸೋತಿತು ಎಂದು ಅವಳನ್ನು ನೋಡುತ್ತಿದ್ದ ಡಾಕ್ಟರಿಗೆ ತಿಳಿಯಲಿಲ್ಲ. ಎಚ್‌ಐವಿ ಇರಲಿಲ್ಲ, ಸಕ್ಕರೆ ಕಾಯಿಲೆ ಇರಲಿಲ್ಲ. "ಬೇರೆ ಏನಾದರೂ ಗುಳಿಗೆ ತಗೊಳ್ತೀರೇನ್ರಿ?" ಎಂದು ಕೇಳಿದರು. ಬಿಪಿಯದೊಂದು ಅಂದಳು ಅತ್ತೆ. ಎಲ್ಲರೂ ತಲೆಯಾಡಿಸಿದೆವು.

ವಾರಗಟ್ಟಲೆ ಇಂಜೆಕ್ಷನ್ ಆಯಿತು. ಅದು ಮೈಗೆ ಏರಿದಾಗಲೆಲ್ಲ ಅವಳಿಗೆ ಹಲ್ಲು ಕಡಕಡಿಸುವ ಚಳಿ. ಮೂತ್ರಪಿಂಡಕ್ಕೂ ಸ್ವಲ್ಪ ಪೆಟ್ಟು ಬಿತ್ತು. ಆದರೂ ಉಳಿದಳು. ವರ್ಷದ ತನಕ ತಪ್ಪಿಸದೆ ನುಂಗಬೇಕು ಎಂದು ಗುಳಿಗೆ ಬರೆದುಕೊಟ್ಟು ಮನೆಗೆ ಕಳಿಸಿದರು. ಗುಳಿಗೆಯ ಉಸ್ತುವಾರಿ ಅವಳ ಸೊಸೆಗೆ ಬಂತು. ನಾನು ಅವಳನ್ನು ವೈನಿ ಅನ್ನುತ್ತೇನೆ. ಅವಳ ಗಂಡ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ನೌಕರ, ವಾರಕ್ಕೊಮ್ಮೆ ಬರುವವನು. ವೈನಿ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮುಂಜಾನೆ ರೊಟ್ಟಿ ತಿನ್ನಿಸಿ, ಗುಳಿಗೆ ಕೈಗಿಟ್ಟು, ನೀರು ಕುಡಿದು ಅತ್ತೆ ಬಾಯಿ ತೆರೆದು ತೋರಿಸುವವರೆಗೂ ಕದಲುತ್ತಿರಲಿಲ್ಲವಂತೆ. "ಪೊಲೀಸರಂಗ ನಿಂದರ್ತಾಳ" ಎಂದು ಅತ್ತೆ ಫೋನಿನಲ್ಲಿ ನನಗೆ ದೂರು ಹೇಳುತ್ತಿದ್ದಳು. ದೂರಿನ ಒಳಗೆ ಹೆಮ್ಮೆಯೂ ಇತ್ತು.

ದೀಪಾವಳಿಗೆ ಹೋದಾಗ ಅತ್ತೆ ದುಂಡಗಾಗಿದ್ದಳು. ಕೆನ್ನೆ ತುಂಬಿತ್ತು. "ಮೈ ತುಂಬ್ಯಾಳ ನೋಡು" ಎಂದು ಎಲ್ಲರಿಗೂ ಖುಷಿ. ನನಗೂ ಖುಷಿಯೇ.

ಅದಾದ ಸ್ವಲ್ಪ ದಿನಕ್ಕೆ ತಲೆನೋವು ಮರಳಿತು. ಈ ಸಲ ಕಣ್ಣೂ ಮಂಜು. ಬೆನ್ನಿಗೆ ಸೂಜಿ ಹಾಕಿದ ತಕ್ಷಣ ನೀರು ಚಿಮ್ಮಿತು ಎಂದು ಡಾಕ್ಟರು ಹೇಳಿದರು; ತಲೆಯೊಳಗೆ ಅಷ್ಟು ಒತ್ತಡ. ನನ್ನ ಟೇಬಲ್ಲಿನ ಮೇಲೆ ಮತ್ತೆ ಅದೇ ಬಿಳಿ ಬಳೆಗಳು. ಇಂಜೆಕ್ಷನ್ ಅಂದೇ ಶುರು ಮಾಡಿದರು. ಆಮೇಲೆ ಡಾಕ್ಟರು ನನ್ನ ರೂಮಿಗೆ ಬಂದು ಕೇಳಿದರು: ಬೂಸರೇ ಗುಳಿಗೆಗೆ ಬಗ್ಗದ ಹಾಗೆ ಗಟ್ಟಿಯಾಗಿದೆಯೋ, ಇಲ್ಲಾ ಗುಳಿಗೆ ಹೊಟ್ಟೆಗೇ ಹೋಗಲಿಲ್ಲವೋ? ಬೂಸರು ಗಟ್ಟಿಯಾಗಿದ್ದರೆ ಮುಂದೆ ಕೊಡಲು ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಇಂಜೆಕ್ಷನ್ನನ್ನು ಅವಳ ಮೂತ್ರಪಿಂಡ ಬಹಳ ದಿನ ತಾಳುವಂತಿರಲಿಲ್ಲ.

ಇದಕ್ಕೆ ನಾವು ಮಾಡುವ ಪರೀಕ್ಷೆ ಕಷ್ಟದ್ದಲ್ಲ, ಕಾಯುವುದೇ ಕಷ್ಟ. ಅಳಗುಳಿಮಣೆಯ ಹಾಗೆ ಗುಳಿ ಗುಳಿ ಇರುವ ಪ್ಲಾಸ್ಟಿಕ್ ತಟ್ಟೆ. ಮೊದಲ ಗುಳಿಯಲ್ಲಿ ಔಷಧ ಜಾಸ್ತಿ, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಅದರರ್ಧ. ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಬೂಸರು ಬಿಟ್ಟು ಬೆಚ್ಚಗೆ ಇಡಬೇಕು. ಈ ಬೂಸರು ನಿಧಾನದ್ದು, ಮೂರು ದಿನ ಬೇಕು. ಎಷ್ಟು ಕಡಿಮೆ ಔಷಧಕ್ಕೆ ಬೆಳೆಯುವುದನ್ನು ನಿಲ್ಲಿಸಿತೋ ಆ ಅಂಕಿಯೇ ಉತ್ತರ. ಅಂಕಿ ಸಣ್ಣದಿದ್ದಷ್ಟೂ ಒಳ್ಳೆಯದು. ಅತ್ತೆಯ ಮೊದಲ ಸಲದ ಬೂಸರನ್ನು ನಾನು ಫ್ರೀಜರಿನಲ್ಲಿ ಇಟ್ಟಿದ್ದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದೆ. ಗುಳಿಗೆಯ ಮಟ್ಟಿಗೆ ಹಳೆಯದಕ್ಕೆ ನಾಲ್ಕು ಬಂತು, ಹೊಸದಕ್ಕೂ ನಾಲ್ಕು. ಬೂಸರು ಬದಲಾಗಿರಲಿಲ್ಲ.

ಖುಷಿಯಿಂದ ವರಾಂಡಕ್ಕೆ ಬಂದು ಹೇಳಿದೆ. ಇಂಡಿ, ಸಿಂದಗಿಯ ಅತ್ತೆಯರು, ಆಲಮಟ್ಟಿಯಿಂದ ಬಂದ ಮಗ, ವೈನಿ, ಅಪ್ಪ, ಎಲ್ಲರೂ ಅಲ್ಲೇ ಇದ್ದರು. ಅಪ್ಪ ರಿಪೋರ್ಟನ್ನು ಕೈಗೆ ತಗೊಂಡು ಕನ್ನಡಕ ಏರಿಸಿದರು.

"ನಾಲ್ಕ ಬಂದೈತಿ. ನಪಾಸು?"

ಜೀವಮಾನವಿಡೀ ಮಕ್ಕಳ ಮಾರ್ಕ್ಸು ನೋಡಿದವರು. ಹೆಚ್ಚು ಬಂದರೆ ಪಾಸು, ಕಡಿಮೆ ಬಂದರೆ ಕೋಲು. ನಗು ತಡೆದುಕೊಂಡು ಹೇಳಿದೆ, "ಅಪ್ಪಾ, ಇಲ್ಲಿ ಸಣ್ಣ ಅಂಕಿನ ಶಾಣ್ಯಾ. ಸ್ವಲ್ಪ ಔಷಧಕ್ಕನ ಬೂಸರ ಬಗ್ಗತೈತಿ ಅಂತ ಅರ್ಥ. ಗುಳಿಗಿ ಇನ್ನೂ ನಡೀತೈತಿ."

"ಅಂದ್ರ ಗುಳಿಗಿ ಚಲೋ ಐತಿ?"

"ಹೌದು."

ಅಪ್ಪ ಕಾಗದವನ್ನು ನಾಲ್ಕಾಗಿ ಮಡಿಸಿದರು. ಅವರು ಹಾಗೆ ಮಡಿಸುವುದನ್ನು ಶಾಲೆಯಲ್ಲಿ ನೋಡಿದ ನನಗೆ ಮುಂದಿನದು ಗೊತ್ತಾಗಬೇಕಿತ್ತು. ವೈನಿಯ ಕಡೆ ತಿರುಗಿ ಕೇಳಿದರು, "ಗುಳಿಗಿ ಚಲೋ ಇದ್ದ ಮ್ಯಾಲ ರೋಗ ಹೆಂಗ ತಿರುಗಿ ಬಂತವಾ? ನೀ ಕೊಟ್ಟಿದ್ರ ಬರ್ತಿತ್ತೇನು?"

"ದಿನಾ ಕೊಟ್ಟೀನ್ರಿ ಮಾವಾರ. ನುಂಗೂತನಕ ಮುಂದ ನಿಂತೀನಿ."

"ಹಂಗಾರ ನನ್ನ ಮಗಳ ಪರೀಕ್ಷೆ ಸುಳ್ಳೇನು?"

ಸಿಂದಗಿಯ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೈನಿಯ ಗಂಡ ಗೋಡೆ ನೋಡುತ್ತ ನಿಂತ. ನನಗೆ ಮೈಯೆಲ್ಲ ಉರಿಯಿತು. ನನ್ನ ತಟ್ಟೆಯನ್ನೇ ಕೋಲು ಮಾಡಿಕೊಂಡು ಹೊಡೆಯುತ್ತಿದ್ದರು. "ಅಪ್ಪಾ, ತಟ್ಟಿಯಾಗ ಆಗೂದ ಬ್ಯಾರೆ, ಮೈಯಾಗ ಆಗೂದ ಬ್ಯಾರೆ. ಈ ಬೂಸರಿಗೆ ಪಾಸ್ ಮಾರ್ಕ್ ಎಷ್ಟು ಅಂತ ಯಾರೂ ಇನ್ನೂ ಗಟ್ಟಿಯಾಗಿ ಗೆರಿ ಎಳದಿಲ್ಲ. ಅಂಕಿ ಚಲೋ ಇದ್ದವರೂ ಸಾಯ್ತಾರ, ಕೆಟ್ಟದ್ದಿದ್ದವರೂ ಉಳೀತಾರ" ಎಂದು ಜೋರಾಗಿಯೇ ಹೇಳಿದೆ. ಯಾರ ತಲೆಗೂ ಹೋಗಲಿಲ್ಲ. ಗುಳಿಗೆ ಚಲೋ ಐತಿ ಎಂದು ನಾನೇ ಹೇಳಿಯಾಗಿತ್ತು. ಅವರಿಗೆ ಬೇಕಾದದ್ದು ಅಷ್ಟೇ. ವಾರ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಅತ್ತೆಗೆ ಆ ಹೊತ್ತಿನಲ್ಲಿ ಎಚ್ಚರವಿತ್ತು, ಕಿವಿ ಸರಿಯಾಗಿತ್ತು. ಅವಳೂ ಏನೂ ಅನ್ನಲಿಲ್ಲ.

ಸಂಜೆ ವೈನಿ ಮೆಟ್ಟಿಲ ಮೇಲೆ ಕೂತಿದ್ದಳು. ಊಟ ಮಾಡಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. "ಅತ್ತಿಗೆ ಏನರ ಆದ್ರ ಸೊಸಿನ ಕೊಂದಳು ಅಂತಾರ್ರಿ" ಅಂದಳು. "ನಾಲ್ಕೂ ತಾಲೂಕಿನಾಗ ಅಂತಾರ. ಲಗ್ನಕ್ಕ ನನ್ನ ಮಗಳನ್ನ ಕೇಳಾಕ ಬಂದವರಿಗೂ ಅದನ್ನ ಹೇಳ್ತಾರ." ಅಳಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿನದಿರಲಿಲ್ಲ. ಅವಳ ಮಾತನ್ನು ನಾನು ನಂಬಿದ್ದೆ. ಆದರೆ ನನ್ನ ನಂಬಿಕೆ ಇಟ್ಟುಕೊಂಡು ಅವಳೇನು ಮಾಡಬೇಕು? ಲ್ಯಾಬಿನವರು ನಂಬುವುದಕ್ಕೆ ಬೆಲೆ ಇಲ್ಲ, ತೋರಿಸುವುದಕ್ಕಷ್ಟೇ ಬೆಲೆ.

ದಾರಿ ತೋರಿಸಿದ್ದು ಡಾಕ್ಟರು. ಮರುದಿನ ಅತ್ತೆಯ ತೋಳಿನಲ್ಲಿ ಸೂಜಿ ಚುಚ್ಚಿದ ಕಡೆ ಅಗಲಕ್ಕೆ ಹಬ್ಬಿದ ನೀಲಿ ಕಲೆ ನೋಡಿದರು, ತೆಳ್ಳಗಾದ ಚರ್ಮ ಮುಟ್ಟಿ ನೋಡಿದರು, ದುಂಡು ಮುಖ ನೋಡಿದರು. ರಕ್ತ ಕಳಿಸಿದರು. ಮೈ ತಾನೇ ತಯಾರಿಸಿಕೊಳ್ಳುವ ಸ್ಟಿರಾಯ್ಡು ಅವಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಬಂತು. ಹೊರಗಿನಿಂದ ಸ್ಟಿರಾಯ್ಡು ಬಹಳ ದಿನ ಹೋಗುತ್ತಿದ್ದರೆ ಮೈ ತಾನು ಮಾಡುವುದನ್ನು ನಿಲ್ಲಿಸಿಬಿಡುತ್ತದೆ. ಅದೇ ಸ್ಟಿರಾಯ್ಡು ಬೂಸರನ್ನು ತಡೆಯುವ ಕಾವಲನ್ನೂ ಮಲಗಿಸುತ್ತದೆ. ಹಾಗಾದಾಗ ಗುಳಿಗೆ ಎಷ್ಟು ಒಳ್ಳೆಯದಿದ್ದರೂ ಒಂಟಿಯಾಗಿ ಹೋರಾಡಬೇಕು. "ಎಲ್ಲಿಂದಲೋ ಹೋಗ್ತಾ ಇದೆ, ಹುಡುಕಿ" ಅಂದರು ಡಾಕ್ಟರು. ದೀಪಾವಳಿಯಲ್ಲಿ ನಾವೆಲ್ಲ ಸಂತೋಷಪಟ್ಟ ಆ ಕೆನ್ನೆ ನೆನಪಾಗಿ ನನಗೆ ನಾಚಿಕೆಯಾಯಿತು.

ಮನೆಯವರನ್ನು ಮತ್ತೆ ಕೇಳಿದರು. ಬಿಪಿಯದೊಂದು, ಬೂಸರಿನದೊಂದು, ಬೇರೆ ಇಲ್ಲ ಅಂದರು ಎಲ್ಲರೂ. ಅಪ್ಪನೂ ಅಂದರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ.

ಮಧ್ಯಾಹ್ನ ಅತ್ತೆ ನರಳುತ್ತ ಮಂಚದ ಕೆಳಗೆ ಕೈ ಆಡಿಸಿದಳು. "ನನ್ನ ಚೀಲ ಕೊಡ್ರಿ. ಮೊಣಕಾಲ ಹಿಡದಾವ." ಬೆಂಚಿನ ಮೇಲೆ ಕೂತಿದ್ದ ವೈನಿ ಎದ್ದು ಬಟ್ಟೆಯ ಚೀಲವನ್ನು ಎತ್ತಿ, ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಅತ್ತೆಯ ಪಕ್ಕ ಇಟ್ಟು ಹಿಂದೆ ಸರಿದಳು. ಅತ್ತೆಯ ಬೆರಳುಗಳಿಗೆ ಗಂಟು ಸಿಗಲಿಲ್ಲ. ವೈನಿ ನೋಡುತ್ತ ನಿಂತಳೇ ಹೊರತು ಮುಟ್ಟಲಿಲ್ಲ. ನನ್ನನ್ನು ನೋಡಿ, "ನೀವ ಬಿಚ್ರಿ. ತವರಿನ ಚೀಲ ಅದು" ಅಂದಳು.

ನಾನು ತವರಿನ ಹುಡುಗಿ. ನನಗೆ ಹಕ್ಕಿತ್ತು. ಬಿಚ್ಚಿದೆ. ಮೇಲೆ ಹೋಳಿಗೆಯ ಡಬ್ಬಿ, ಚಟ್ನಿಪುಡಿ. ಕೆಳಗೆ ಖಣದ ಮಡಿಕೆಯಲ್ಲಿ, ಪೇಪರಿನಲ್ಲಿ ಸುತ್ತಿದ ಪುಟ್ಟ ಪೊಟ್ಟಣಗಳು. ಒಂದನ್ನು ಬಿಡಿಸಿದೆ. ಬಿಳಿ ಪುಡಿ, ಅರೆಬರೆ ಅರೆದ ಗುಳಿಗೆಯ ಚೂರುಗಳೂ ಕಾಣುತ್ತಿದ್ದವು.

"ಇದೇನತ್ತಿ?"

"ಮೊಣಕಾಲಿನ ಪುಡಿ. ತಾಳಿಕೋಟಿ ರಸ್ತಾದಾಗ ಒಬ್ಬಾಂವ ಕೊಡ್ತಾನ. ಅಣ್ಣ ತರ್ತಾನ. ಅದನ್ನ ತಗೊಂಡ್ರನ ಎದ್ದ ಅಡ್ಡಾಡ್ತೇನಿ."

"ಬ್ಯಾರೆ ಔಷಧ ತಗೋತೀರೇನು ಅಂತ ಡಾಕ್ಟರ್ ಎಷ್ಟ ಸಲ ಕೇಳಿದ್ರು!"

"ಅದ ಔಷಧ ಅಲ್ಲವಾ," ಅಂದಳು ಅತ್ತೆ, ನನಗೇ ಬುದ್ಧಿ ಇಲ್ಲ ಅನ್ನುವ ಹಾಗೆ. "ಅಣ್ಣ ಕೊಟ್ಟದ್ದು."

ಕಾಯಿಲೆ ಬೀಳುವ ಮೊದಲಿನಿಂದಲೂ ತಗೊಳ್ಳುತ್ತಿದ್ದಳಂತೆ. ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅಪ್ಪ ಕನಿಕರದಿಂದ ಸ್ವಲ್ಪ ಜಾಸ್ತಿಯೇ ತಂದುಕೊಟ್ಟಿದ್ದರು. ವೈನಿ ಪೊಲೀಸರ ಹಾಗೆ ನಿಂತು ನುಂಗಿಸಿದ ಗುಳಿಗೆಯ ಹಿಂದೆಯೇ ಈ ಪುಡಿಯೂ ಹೋಗುತ್ತಿತ್ತು.

"ವೈನಿಗೆ ಎಲ್ಲಾರ ಮುಂದ ಅಪ್ಪ ಅಂದಾಗ ನಿನಗ ಕೇಳಸ್ತಿತ್ತಲ್ಲ? ಅಕಿ ದಿನಾ ಗುಳಿಗಿ ಕೊಟ್ಟಾಳ ಅಂತ ಒಂದ ಮಾತ ಹೇಳಾಕ ಏನಾಗಿತ್ತು?"

ಅತ್ತೆ ಮುಖ ಆ ಕಡೆ ಮಾಡಿಕೊಂಡಳು. "ಅಣ್ಣನ ಮಾತಿಗೆ ಎದುರಾಡಿ ರೂಢಿ ಇಲ್ಲ ನನಗ" ಅಂದಳು. ವೈನಿ ಅಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಹೋಳಿಗೆ ಡಬ್ಬಿಯನ್ನು ಚೀಲಕ್ಕೆ ಹಾಕಲು ಕೈ ಚಾಚಿ, ಮತ್ತೆ ಕೈ ಹಿಂದೆ ತೆಗೆದುಕೊಂಡಳು.

ಪುಡಿಯಲ್ಲಿ ಅರೆದು ಬೆರೆಸಿದ್ದದ್ದು ಸ್ಟಿರಾಯ್ಡು. ಮೈ ತನ್ನದನ್ನು ಮಾಡದಿರುವಾಗ ಅದನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಡಾಕ್ಟರು ಅಳತೆಯ ಸ್ಟಿರಾಯ್ಡನ್ನೇ ಕೊಟ್ಟು ನಿಧಾನಕ್ಕೆ ಇಳಿಸುತ್ತ ಬಂದರು. ತಲೆಯ ಒತ್ತಡ ಇಳಿಸಲು ಬೆನ್ನಿನಿಂದ ಮೇಲಿಂದ ಮೇಲೆ ನೀರು ತೆಗೆದರು. ಬೆನ್ನ ನೀರು ತೆಗೆದರೆ ನಡ ಬಿದ್ದುಹೋಗುತ್ತದೆ ಎಂದು ಇಂಡಿಯ ಅತ್ತೆ ತಕರಾರು ತೆಗೆದಳು. ನಾನು ಅವಳನ್ನು ವರಾಂಡದಲ್ಲೇ ತಡೆದು ಬೈದೆ. ಸೂಜಿ ಹಾಕುವಾಗ ರೋಗಿ ಒಂದು ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, ಅಲುಗಾಡದೆ ಮಲಗಬೇಕು. ಪ್ರತಿ ಸಲವೂ ಅತ್ತೆಯನ್ನು ಹಾಗೆ ಮುದುರಿ ಅವುಚಿ ಹಿಡಿದವಳು ವೈನಿ. ಅತ್ತೆಯ ಉಗುರು ಅವಳ ಮುಂಗೈಯಲ್ಲಿ ಊರಿದ ಗುರುತು ಬಹಳ ದಿನ ಇತ್ತು.

ಅತ್ತೆ ಉಳಿದಳು. ಕಣ್ಣು ಉಳಿಯಲಿಲ್ಲ. ಬೆಳಕು ಯಾವುದು ಕತ್ತಲೆ ಯಾವುದು ಎಂದಷ್ಟೇ ಈಗ ತಿಳಿಯುತ್ತದೆ. ಒತ್ತಡ ಅಷ್ಟು ದಿನ ಕಣ್ಣಿನ ನರವನ್ನು ಹಿಂಡಿತ್ತು. ನನ್ನ ರಿಪೋರ್ಟಿನಲ್ಲಿ ಇದ್ದದ್ದು ಬರೀ ನಾಲ್ಕು. ಆ ನಾಲ್ಕರಲ್ಲಿ ಕಣ್ಣು ಹೋಗುವುದೂ ಇರಲಿಲ್ಲ, ಪುಡಿಯೂ ಇರಲಿಲ್ಲ, ವೈನಿಯ ಮರ್ಯಾದೆಯೂ ಇರಲಿಲ್ಲ.

ಪುಡಿಯ ವಿಷಯ ಹೇಳಲು ನಾನೇ ಮುದ್ದೇಬಿಹಾಳಕ್ಕೆ ಹೋದೆ. ಅಪ್ಪ ಮೊದಲು ನಂಬಲಿಲ್ಲ. "ಮೊಣಕಾಲಿಗೂ ತಲಿಗೂ ಏನ ಸಂಬಂಧ?" ಅಂದರು. ಬಿಡಿಸಿ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನೇ ಅವಳನ್ನ ಕುರುಡಿ ಮಾಡಿದೆನಾ ಎಂದು ಕೇಳಿದರು. ಪ್ರೀತಿಯಿಂದಲೇ ತಂದುಕೊಟ್ಟಿದ್ದರು. ಬಿಸಿಲಲ್ಲಿ ಬಸ್ಸಿಗೆ ನಿಂತು ತಂದಿದ್ದರು. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು, ಸಿಟ್ಟೂ ಇಳಿದಿರಲಿಲ್ಲ. "ತಿಳೀದ ಕೊಟ್ಟದ್ದು ಬಿಡು ಅಪ್ಪಾ. ವೈನಿಗೆ ತಿಳಿದು ಅಂದದ್ದು ಐತಲ್ಲ, ಅದನ್ನೇನ ಮಾಡ್ತಿ?" ಅಂದೆ.

ಇಬ್ಬರೂ ಬಾಗೇವಾಡಿಗೆ ಹೋದೆವು. ಆ ಸಲ ಅಪ್ಪನ ಕೈಯಲ್ಲಿ ಚೀಲ ಇರಲಿಲ್ಲ. ನನಗೆ ತಿಳಿದಂತೆ ಮೊದಲ ಬಾರಿಗೆ. ವೈನಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಅಪ್ಪ ಹೊಸ್ತಿಲಲ್ಲೇ ನಿಂತು, "ತಪ್ಪಾತವಾ" ಅಂದರು. ಅವರ ಬಾಯಿಂದ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ವೈನಿ ಕರಗಿಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ನಾದುವುದನ್ನು ನಿಲ್ಲಿಸಲಿಲ್ಲ.

"ಅವತ್ತ ಎಲ್ಲಾರೂ ಇದ್ರರಿ ಮಾವಾರ," ಅಂದಳು. "ಇವತ್ತ ಯಾರೂ ಇಲ್ಲ."

ಅಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟಿದರು. ಸಿಟ್ಟಾದರು ಅಂದುಕೊಂಡೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಅವರು ಮುದ್ದೇಬಿಹಾಳದ ಬಸ್ಸು ಹತ್ತಲಿಲ್ಲ. ಆ ಸಂಜೆ ಸಿಂದಗಿಯ ಅತ್ತೆ ನನಗೆ ಫೋನು ಮಾಡಿದಳು. "ನಿಮ್ಮಪ್ಪ ಬಂದಿದ್ದ. ಕುಂದರು ಅಂದ್ರ ಕುಂದರಲಿಲ್ಲ, ಚಾ ಕುಡೀಲಿಲ್ಲ. ಸೊಸಿದೇನೂ ತಪ್ಪಿಲ್ಲ, ತಪ್ಪು ನಂದು ಅಂತ ನಿಂತ ಹೇಳಿ ಹೋದ. ಏನಾಗೈತಿ ಅವಗ?" ಮರುದಿನ ಇಂಡಿಯಿಂದ ಅದೇ ಫೋನು. ಆಲಮಟ್ಟಿಗೂ ಹೋಗಿ ಆಫೀಸಿನ ಗೇಟಿನಲ್ಲೇ ವೈನಿಯ ಗಂಡನನ್ನು ಕರೆದು ಹೇಳಿದರಂತೆ. ನೀನೂ ಗೋಡಿ ನೋಡ್ಕೋತ ನಿಂತಿದ್ದಿ ಅಂತಲೂ ಅಂದರಂತೆ.

ಮುಂದಿನ ತಿಂಗಳು ಅಪ್ಪ ಮತ್ತೆ ಬಾಗೇವಾಡಿಗೆ ಹೊರಟಾಗ ನಾನೂ ಜೊತೆಗಿದ್ದೆ. ಕೈಯಲ್ಲಿ ಚೀಲವಿತ್ತು. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಚಪ್ಪಲಿ ಬಿಡುವ ಸಪ್ಪಳಕ್ಕೇ ಅಣ್ಣ ಬಂದದ್ದು ತಿಳಿದು ಎರಡೂ ಕೈ ಚಾಚಿದಳು. ಅಪ್ಪ ಆ ಕೈಗಳನ್ನು ಒಂದು ಗಳಿಗೆ ಹಿಡಿದುಕೊಂಡರು. ಚೀಲವನ್ನು ಮಾತ್ರ ತಂಬಿಗೆಯಲ್ಲಿ ನೀರು ತಂದ ವೈನಿಯ ಮುಂದೆ ಹಿಡಿದರು.

ವೈನಿ ತಂಬಿಗೆ ಕೆಳಗಿಟ್ಟಳು, ಆದರೆ ಚೀಲ ತೆಗೆದುಕೊಳ್ಳಲಿಲ್ಲ. ಅತ್ತೆಯ ಕಡೆ ನೋಡಿದಳು. ನೋಡಿ ಏನು ಉಪಯೋಗ, ಅತ್ತೆಗೆ ಕಾಣುವುದಿಲ್ಲ. ಆದರೆ ಆ ಮೌನ ಅವಳಿಗೆ ತಿಳಿಯಿತು ಅಂತ ಕಾಣುತ್ತದೆ.

"ಬಿಚ್ಚವಾ," ಅಂದಳು ಅತ್ತೆ. "ಬಿಚ್ಚಿ ಏನೇನೈತಿ ಹೇಳು. ನನಗ ಕಾಣಂಗಿಲ್ಲ."

ವೈನಿ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಒಂದೊಂದೇ ಹೊರಗೆ ತೆಗೆದು ಅತ್ತೆಯ ಕೈಗೆ ಮುಟ್ಟಿಸಿ ಹೇಳುತ್ತ ಹೋದಳು. "ಹೋಳಿಗೆರಿ. ಚಟ್ನಿಪುಡಿ. ಖಣ, ಹಸರ ಬಣ್ಣದ್ದು."

"ಮತ್ತ?"

ವೈನಿ ಖಣದ ಮಡಿಕೆ ಬಿಚ್ಚಿ ನೋಡಿದಳು. ಚೀಲವನ್ನು ಬೋರಲು ಮಾಡಿ ಎಲ್ಲರ ಮುಂದೆ ಝಾಡಿಸಿದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದರು.

"ಏನಿಲ್ಲರಿ ಅತ್ತಿ," ಅಂದಳು. "ಇಷ್ಟ."